ಗಡಾಯಿಕಲ್ಲಾ, ಕಾರಿಂಜವಾ, ಕುಂಜಾರುಗಿರಿಯಾ? ಹತ್ತಿದ ದಾರಿಯಲ್ಲೇ ಇಳಿಯದೆ ಊರು ಸುತ್ತಿ ಬರುವ ಗುಡ್ಡೆ ಯಾವುದು

ಮಳೆ ನಿಂತು ಬೈಲಿನ ಪೈರು ಹಳದಿಗೆ ತಿರುಗಿದ ಕೂಡ್ಲೇ ನಂಗೆ ವಾಟ್ಸಾಪಲ್ಲಿ ಒಂದೇ ನಮೂನೆಯ ಪ್ರಶ್ನೆ ಬರ್ಲಿಕ್ಕೆ ಶುರು. ಭಾನುವಾರ ಒಂದು ಗುಡ್ಡೆ ಹತ್ತಬೇಕು, ಗಡಾಯಿಕಲ್ಲಿಗೆ ಹೋಗುದಾ ಕಾರಿಂಜಕ್ಕೆ ಹೋಗುದಾ, ಕಾರ್ಕಳ ಸಾಕಾ, ಉಡುಪಿ ಬದಿಯಲ್ಲಿ ಎಂತಾದ್ರೂ ಉಂಟಾ ಅಂತ. ಈ ವರ್ಷ ಕೇಳಿದವ್ರಲ್ಲಿ ಒಬ್ರು ಬ್ಯಾಂಕಿಂದ ರಿಟೈರ್ ಆಗಿ, ಡಾಕ್ಟ್ರು ದಿನಾ ನಡೀರಿ ಅಂದದ್ದಕ್ಕೆ ಹೊರಟವ್ರು. ಇನ್ನೊಬ್ರಿಗೆ ಏಳು ವರ್ಷದ ಮಗಳನ್ನು ಮೊಬೈಲಿನ ಎದುರಿಂದ ಎಬ್ಬಿಸ್ಬೇಕು. ಮತ್ತೆ ಐದು ಜನ ಕಾಲೇಜು ಹುಡುಗ್ರು, ಅವ್ರಿಗೆ ಕಷ್ಟ ಆದಷ್ಟು ಖುಷಿ. ಮೂರು ಪಾರ್ಟಿಗೂ ಒಂದೇ ಉತ್ತರ ಕೊಟ್ರೆ ಇಬ್ರಾದ್ರೂ ನಂಗೆ ಬೈತಾರೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತಿದ್ದೇನೆ, ಓದಿ ನೀವೇ ಡಿಸೈಡ್ ಮಾಡಿ.

ಗುಡ್ಡೆ ಆರಿಸುವ ಮೊದ್ಲು ನಾನು ನೋಡುದು ಎತ್ತರ ಅಲ್ಲ ಮಾರಾಯ್ರೆ. ಎತ್ತರ ಗೂಗಲ್‌ನಲ್ಲಿ ಸಿಗ್ತದೆ. ನಾನು ಮೊದ್ಲು ಕೇಳುದು ಇಳಿಯುದು ಹೇಗೆ ಅಂತ. ಹತ್ತಿದ ದಾರಿಯಲ್ಲೇ ವಾಪಸ್ ಬರ್ಬೇಕಾ, ಇಲ್ಲ ಇನ್ನೊಂದು ಬದಿಯಲ್ಲಿ ಇಳಿದು ತೋಟ ಗದ್ದೆ ಸುತ್ತಿ ಹೊರಟ ಊರಿಗೇ ಬಂದು ಸೇರ್ಬಹುದಾ? ಇಲ್ಲಿ ನಾನು ಪಕ್ಷಪಾತಿ, ಮೊದಲೇ ಹೇಳಿಬಿಡ್ತೇನೆ, ನಂಗೆ ಸುತ್ತು ಬರುವ ದಾರಿಯೇ ಇಷ್ಟ. ನಮ್ಮ ಮಂಗಳೂರು ಉಡುಪಿ ಕಡೆಯ ಗುಡ್ಡೆಗಳ ಮೇಲೆ ಹೋದ್ರೆ ಪಾದೆ ಅಂದ್ರೆ ಬೋಳು ಬಂಡೆ, ಮುಳಿಹುಲ್ಲು, ಒಂದು ದೇವಸ್ಥಾನ, ಅಷ್ಟೇ ಇರುದು. ಗಮ್ಮತ್ತು ಇರುದು ಬುಡದಲ್ಲಿ. ಬೇಲಿಯ ತಡಮೆ ದಾಟಿ, ಗದ್ದೆ ಅಂಚಿನ ಕಟ್ಟಪುಣಿಯಲ್ಲಿ ಒಬ್ರ ಹಿಂದೆ ಒಬ್ರು ನಡೆದು, ನೀರು ಹರಿಯುವ ತೋಡಿಗೆ ಹಾಕಿದ ಅಡಿಕೆ ಮರದ ಸಂಕದ ಮೇಲೆ ಕೈ ಅಗಲ ಮಾಡಿ ಬ್ಯಾಲೆನ್ಸ್ ಮಾಡಿ, ನಾಗಬನದ ಬದಿಯಲ್ಲಿ ಚಪ್ಪಲಿ ತೆಗಿಬೇಕಾ ಬೇಡ್ವಾ ಅಂತ ಒಂದು ಸೆಕೆಂಡು ಆಲೋಚನೆ ಮಾಡಿ, ಹೀಗೆ ಹೋಗುದ್ರಲ್ಲಿ ಒಂದು ಊರು ಹೇಗುಂಟು ಅಂತ ಗೊತ್ತಾಗ್ತದೆ.

ಎರಡನೇದು ಮೊಣಕಾಲು. ಹತ್ತುವಾಗ ಏದುಸಿರು ಬರ್ತದೆ, ಕೂತ್ರೆ ಸರಿಯಾಗ್ತದೆ. ಇಳಿಯುವಾಗ ಮೊಣಕಾಲಿಗೆ ಬೀಳುವ ಪೆಟ್ಟು ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಗೊತ್ತಾಗುದು. ಕಲ್ಲಿನ ಮೆಟ್ಟಿಲಾ, ಮಣ್ಣಿನ ದಾರಿಯಾ, ಡಾಮರು ರೋಡಾ ಅನ್ನುದ್ರ ಮೇಲೆ ಅದು ಹೋಗ್ತದೆ. ಐವತ್ತು ದಾಟಿದವ್ರು ಹತ್ತಲಿಕ್ಕೆ ಮೆಟ್ಟಿಲು, ಇಳೀಲಿಕ್ಕೆ ಇಳಿಜಾರು ರೋಡು ಇರುವ ಜಾಗ ಹುಡುಕಿ.

ಮೂರನೇದು ಸೆಕೆ. ಘಟ್ಟದ ಮೇಲಿನವ್ರಿಗೆ ಇದು ಹೇಳಿದ್ರೆ ಅರ್ಥ ಆಗುದಿಲ್ಲ, ಇಲ್ಲಿ ಡಿಸೆಂಬರಲ್ಲೂ ಹತ್ತು ಗಂಟೆ ಮೇಲೆ ಬಯಲು ಪಾದೆಯಲ್ಲಿ ನಿಂತ್ರೆ ಅಂಗಿ ಹಿಂಡಿ ನೀರು ತೆಗೀಬಹುದು. ಅದ್ರಲ್ಲೂ ನಮ್ಮ ಗುಡ್ಡೆಗಳಲ್ಲಿ ಮುಕ್ಕಾಲು ಪಾಲು ದೇವಸ್ಥಾನ ಇರುವವು, ಮೇಲೆ ಚಪ್ಪಲಿ ಶೂ ತೆಗಿಲೇಬೇಕು, ಸಾವಿರ ಎರಡು ಸಾವಿರದ ಟ್ರೆಕ್ಕಿಂಗ್ ಶೂ ಹಾಕಿ ಹೋದವ್ರೂ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಕುಣೀಬೇಕು. ಒಂದು ಜೊತೆ ಹಳೇ ಕಾಟನ್ ಸಾಕ್ಸು ಬ್ಯಾಗಲ್ಲಿ ಇಟ್ಕೊಳ್ಳಿ, ಇದಕ್ಕಿಂತ ಚೀಪ್ ಉಪಾಯ ಇಲ್ಲ.

ಮತ್ತೆ ಬಸ್ಸು. ಸುತ್ತು ದಾರಿಯ ದೊಡ್ಡ ಲಾಭವೇ ಇದು, ಇಳಿದ ಸ್ಟಾಪಲ್ಲೇ ವಾಪಸ್ ಹತ್ತಬಹುದು, ಬೈಕು ಒಂದು ಬದಿ ನಾವು ಇನ್ನೊಂದು ಬದಿ ಅಂತ ಆಗುದಿಲ್ಲ. 2023ರ ಜೂನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ಸು ಫ್ರೀ ಅಂತ ಲೆಕ್ಕ ಹಾಕಿ ಹೊರಡ್ಬೇಡಿ, ಅದು ಸರ್ಕಾರಿ ಬಸ್ಸಿಗೆ ಮಾತ್ರ, ನಮ್ಮಲ್ಲಿ ಊರೊಳಗೆ ಹೋಗುದು ಹೆಚ್ಚಾಗಿ ಪ್ರೈವೇಟ್ ಸರ್ವಿಸ್ ಬಸ್ಸು. ಭಾನುವಾರ ಕೆಲವು ಟ್ರಿಪ್ಪು ಕಟ್ ಆಗ್ತದೆ, ಹೋಗುವಾಗಲೇ ಕಂಡಕ್ಟರ್ ಹತ್ರ ವಾಪಸ್ ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿಟ್ಕೊಳ್ಳಿ.

ಈಗ ಒಂದೊಂದಾಗಿ ನೋಡುವ.

ಉಡುಪಿಯವ್ರಿಗೆ ನಾನು ಮೊದ್ಲು ಹೇಳುದು ಪಾಜಕ ಕುಂಜಾರುಗಿರಿ. ಕಟಪಾಡಿಯಲ್ಲಿ ಹೈವೇ ಬಿಟ್ಟು ಶಿರ್ವ ರೋಡಲ್ಲಿ ಹೋದ್ರೆ ಶಂಕರಪುರ ಸಿಗ್ತದೆ, ಹೌದು, ಆ ಮಲ್ಲಿಗೆಯ ಶಂಕರಪುರವೇ. ಬೆಳಿಗ್ಗೆ ಬೇಗ ಹೋದವ್ರಿಗೆ ಮಾತ್ರ ಕಾಣುವ ಒಂದು ದೃಶ್ಯ ಉಂಟು ಅಲ್ಲಿ. ಮನೆ ಅಂಗಳದ ಬದಿಯಲ್ಲಿ ಸೊಂಟದೆತ್ತರದ ಮಲ್ಲಿಗೆ ಗಿಡ ಸಾಲಾಗಿ, ಹೆಂಗಸರು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಎರಡೂ ಕೈಯಲ್ಲಿ ಮೊಗ್ಗು ಕೊಯ್ತಾ ಇರ್ತಾರೆ, ಗಿಡ ನೋಡುದೇ ಇಲ್ಲ, ಪಕ್ಕದ ಮನೆಯವ್ರ ಹತ್ರ ಮಾತಾಡಿಕೊಂಡೇ ಬೆರಳು ಓಡ್ತದೆ. ಆಮೇಲೆ ಜಗಲಿಯಲ್ಲಿ ಕೂತು ನೆನೆಸಿದ ಬಾಳೆನಾರಲ್ಲಿ ಕಟ್ಟುದು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದ್ರೆ ಒಂದು ಅಟ್ಟೆಗೆ 3200 ಮೊಗ್ಗು ಕೈಯಲ್ಲಿ ಕೊಯ್ದು ಕೈಯಲ್ಲೇ ಕಟ್ಟಬೇಕು. ಮದುವೆ ಸೀಸನಲ್ಲಿ ಮಲ್ಲಿಗೆಗೆ ಇಷ್ಟು ರೇಟಾ ಅಂತ ಬೊಬ್ಬೆ ಹಾಕ್ತಿದ್ದವ ನಾನು, ಅದು ನೋಡಿದ ಮೇಲೆ ಸುಮ್ಮನಾದೆ.

ಶಂಕರಪುರದಿಂದ ನಡೆದೋ ರಿಕ್ಷಾದಲ್ಲೋ ಪಾಜಕಕ್ಕೆ ಹೋದ್ರೆ ಅಲ್ಲಿಂದ ಸುತ್ತು ಶುರು. ಮಧ್ವಾಚಾರ್ಯರು ಹುಟ್ಟಿದ ಊರು ಇದು. ವಾಸುದೇವ ತೀರ್ಥ ಅಂತ ಕೆರೆ, ಅನಂತಪದ್ಮನಾಭನ ಗುಡಿ, ಬಾಲಕ ಮಧ್ವರು ಕೋಲು ನೆಟ್ಟದ್ದು ಬೆಳೆದು ಆದದ್ದು ಅಂತ ಹೇಳುವ ಆಲದಮರ, ಎಲ್ಲ ಹತ್ತು ಹೆಜ್ಜೆಯೊಳಗೆ. ಅಲ್ಲಿಂದ ಎದ್ರಿಗೆ ಕಾಣುದೇ ದುರ್ಗಾಬೆಟ್ಟ, ಕುಂಜಾರುಗಿರಿ ಅಂದ್ರೂ ಇದೇ. ಮೇಲೆ ದುರ್ಗೆಯ ದೇವಸ್ಥಾನ, ಹತ್ತಿರದಲ್ಲೇ ಪರಶುರಾಮನ ಗುಡಿ. ಅಮ್ಮ ಕರೆದ್ಲು ಅಂತ ಬೆಟ್ಟದ ಮೇಲಿಂದ ಪಾಜಕಕ್ಕೆ ಬಾಲಕ ಮಧ್ವ ಒಂದೇ ಹಾರು ಹಾರಿದ, ಕೆಳಗೆ ಪಾದದ ಗುರುತು ಉಂಟು ಅಂತ ಕತೆ. ನಮಗೆ ಆ ಸೌಕರ್ಯ ಇಲ್ಲ, ಮೆಟ್ಟಿಲಲ್ಲೇ ಹೋಗ್ಬೇಕು. ಈ ಬೆಟ್ಟದ ಲಾಯ್ಕ ಎಂತ ಅಂದ್ರೆ ಸುತ್ತ ನಾಲ್ಕು ತೀರ್ಥ ಉಂಟು, ಪರಶುತೀರ್ಥ, ಧನುಸ್ತೀರ್ಥ, ಗದಾತೀರ್ಥ, ಬಾಣತೀರ್ಥ, ಮೊದಲಿನವ್ರು ನಾಲ್ಕರಲ್ಲೂ ಮಿಂದು ಸುತ್ತು ಹಾಕ್ತಿದ್ರಂತೆ. ಅಂದ್ರೆ ಸುತ್ತು ದಾರಿ ನಾವು ಹೊಸತಾಗಿ ಮ್ಯಾಪಲ್ಲಿ ಗೀಚಬೇಕಾಗಿಲ್ಲ, ಈ ನಾಲ್ಕು ಕೆರೆ ಹುಡುಕಿಕೊಂಡು ಹೋದ್ರೆ ಬೆಟ್ಟಕ್ಕೆ ಒಂದು ಸುತ್ತು ತನ್ನಷ್ಟಕ್ಕೇ ಆಗ್ತದೆ.

ಹುಡುಕುದು ಅಷ್ಟು ಸುಲಭ ಇಲ್ಲ ಅನ್ನುದೂ ಹೇಳ್ಬೇಕು. ನಾನು ಮೊದಲ ಸಲ ಹೋದಾಗ ದಾರಿ ಅಂತ ತಿಳ್ಕೊಂಡು ಯಾರದ್ದೋ ಅಡಿಕೆ ತೋಟದೊಳಗೆ ಹೋಗಿ, ಸ್ಪ್ರಿಂಕ್ಲರ್ ಪೈಪು ಎಡವಿ, ನಾಯಿ ಬೊಗಳಿ, ಕಡೆಗೆ ಒಂದು ಮನೆಯ ಹಿತ್ತಿಲಿಗೆ ಎದ್ದೆ. ಒಬ್ಬರು ಅಜ್ಜಿ ಒಲೆಗೆ ತೆಂಗಿನ ಮಡ್ಲು ಕಡೀತಾ ಇದ್ದವ್ರು ಕತ್ತಿ ಕೈಯಲ್ಲಿ ಹಿಡ್ಕೊಂಡೇ "ಓಡೆಗ್ ಪೋಪಿನಿ?" ಅಂತ, ಎಲ್ಲಿಗೆ ಹೋಗುದು ಅಂತ, ತುಳುವಲ್ಲಿ ಕೇಳಿದ್ರು. ಗದಾತೀರ್ಥ ಅಂದೆ. ಅವ್ರು ಕತ್ತಿಯಲ್ಲೇ ದಾರಿ ತೋರಿಸಿ, ನಿಲ್ಲಿ ಮಗ ಅಂತ ಒಳಗೆ ಹೋಗಿ ಒಂದು ಚೊಂಬು ಮಜ್ಜಿಗೆ ತಂದ್ರು, ಶುಂಠಿ ಸ್ವಲ್ಪ ಜಾಸ್ತಿಯೇ ಇತ್ತು. ಈಗ ನಾನು ಹೋದ್ರೆ ಬೇಕಂತಲೇ ಆ ತೋಟದ ಬದಿಯಿಂದ ಹೋಗುದು, ಬೇಲಿ ಹೊರಗಿಂದ ಕೂಗಿ ಕೇಳಿಯೇ ಒಳಗೆ.

ಆರಾಮಾಗಿ ನಡೆದ್ರೆ ಒಟ್ರಾಶಿ ಎರಡೂವರೆಯಿಂದ ಮೂರು ಗಂಟೆ. ಖರ್ಚು ಬಸ್ಸು, ತಿಂಡಿ, ಒಂದು ಬೊಂಡ (ಎಳನೀರು) ಸೇರಿ ಒಬ್ರಿಗೆ ಇನ್ನೂರರ ನೋಟಲ್ಲಿ ಮುಗೀತದೆ. ಏರು ಕಮ್ಮಿ, ನೆರಳು ಬೇಕಷ್ಟು, ಮಧ್ಯದಲ್ಲಿ ಸುಸ್ತಾದ್ರೆ ರಿಕ್ಷಾ ಸಿಗುವ ಜಾಗ. ಕಮ್ಮಿ ಎಂತ ಅಂದ್ರೆ ಇದು ದೊಡ್ಡ ಬೆಟ್ಟ ಅಲ್ಲ. ಟ್ರೆಕ್ಕಿಂಗು ಅಂತ ಸ್ಟೇಟಸ್ ಹಾಕುವವ್ರಿಗೆ ಸಾಲುದಿಲ್ಲ, ಪಕ್ಕದಲ್ಲಿ ಯಾರೋ ಸ್ಕೂಟರಲ್ಲಿ ಮಗು ಕೂರಿಸ್ಕೊಂಡು ಪೂಜೆಗೆ ಹೋಗ್ತಾ ಇರ್ತಾರೆ.

ಎರಡನೇದು ಕಾರ್ಕಳ. ಇದು ಹಳ್ಳಿ ಅಲ್ಲ ಪೇಟೆ, ಅಲ್ವಾ ಅಂದ್ರೆ ಹೌದು. ಆದ್ರೂ ಲಿಸ್ಟಲ್ಲಿ ಇಟ್ಟದ್ದು ಯಾಕೆ ಅಂದ್ರೆ ಒಂದೇ ಸುತ್ತಲ್ಲಿ ಎರಡು ಗುಡ್ಡೆ, ಒಂದು ಕೆರೆ, ಹಿರಿಯಂಗಡಿಯ ಹಳೇ ಬೀದಿ ಇಷ್ಟೂ ಬರುದು ಬೇರೆಲ್ಲೂ ಇಲ್ಲ. ಬಸ್‌ಸ್ಟ್ಯಾಂಡಿಂದ ಆನೆಕೆರೆ ಕಡೆಗೆ ನಡೀರಿ, ಕೆರೆ ಮಧ್ಯದಲ್ಲಿ ಬಸದಿ ಕಾಣ್ತದೆ, ಅಲ್ಲಿಂದ ಗೊಮ್ಮಟಬೆಟ್ಟ. ಒಂದೇ ಕಲ್ಲಿನ 42 ಅಡಿಯ ಬಾಹುಬಲಿ, 1432ರ ಫೆಬ್ರವರಿ 13ಕ್ಕೆ ವೀರಪಾಂಡ್ಯ ನಿಲ್ಲಿಸಿದ್ದು. ಆ ಬಂಡೆಯ ಮೇಲೆ ನಿಂತು ಕೆಳಗೆ ನೋಡಿದ್ರೆ ಎದ್ರಿನ ಸಣ್ಣ ದಿಣ್ಣೆಯಲ್ಲಿ ಚತುರ್ಮುಖ ಬಸದಿ ಕಾಣ್ತದೆ, ಅದು 1586ರದ್ದು, ನಾಲ್ಕು ಬಾಗಿಲು, 108 ಕಂಬ, ಯಾವ ಬಾಗಿಲಲ್ಲಿ ಹೋದ್ರೂ ಎದ್ರಿಗೆ ಅದೇ ಮೂರು ತೀರ್ಥಂಕರರು. ಏಳು ವರ್ಷದ ಮಕ್ಕಳಿಗೆ ಇದು ಆಟದ ಹಾಗೆ, ಒಂದು ಬಾಗಿಲಲ್ಲಿ ಇಣುಕಿ ಓಡಿ ಇನ್ನೊಂದ್ರಲ್ಲಿ ಇಣುಕಿ, ನಾಲ್ಕೂ ಒಂದೇ ಅಂತ ಕಂಡುಹಿಡೀತಾರೆ, ಯಾರೂ ಹೇಳಿಕೊಡುದು ಬೇಡ. ಅಲ್ಲಿಂದ ಹಿರಿಯಂಗಡಿಗೆ ಹೋಗಿ ಮಾನಸ್ತಂಭ, ಅಂದ್ರೆ ಬಸದಿ ಎದ್ರಿನ ಎತ್ತರದ ಕಲ್ಲುಕಂಬ, ನೋಡಿ ಪೇಟೆಗೆ ವಾಪಸ್. ಹೋಟೆಲು ಬಾತ್‌ರೂಮು ಎಲ್ಲ ಸಿಗುವ ಸುತ್ತು ಇದೊಂದೇ, ಸಣ್ಣ ಮಕ್ಕಳು ಹಿರಿಯರು ಜೊತೆಗಿದ್ರೆ ಅದು ಎಷ್ಟು ದೊಡ್ಡ ವಿಷಯ ಅಂತ ಹೋದವ್ರಿಗೆ ಗೊತ್ತು. ಬಿಸಿಲು ಮಾತ್ರ ವಿಪರೀತ. ಬಂಡೆಗೆ ನೆರಳಿಲ್ಲ, ಮೇಲೆ ಬರಿಗಾಲು. ಎಂಟೂವರೆಯೊಳಗೆ ಮೇಲೆ ಇರ್ಬೇಕು, ಇಲ್ಲದಿದ್ರೆ ಸಂಜೆ ನಾಲ್ಕರ ಮೇಲೆ.

ಮಂಗಳೂರಿನವ್ರು ಹೆಚ್ಚು ಕೇಳುದು ಕಾರಿಂಜ. ಬಂಟ್ವಾಳದಿಂದ ಬೆಳ್ತಂಗಡಿ ರೋಡಲ್ಲಿ ವಗ್ಗದಲ್ಲಿ ಇಳಿದು ಒಳಗೆ ನಡೀಬೇಕು. ದೂರದಿಂದಲೇ ಕಾಣ್ತದೆ, ಗದ್ದೆ ತೋಟದ ಮಧ್ಯದಲ್ಲಿ ಒಂದು ಕಲ್ಲು ಒಂಟಿಯಾಗಿ ಎದ್ದು ನಿಂತ ಹಾಗೆ. ಬುಡದಲ್ಲಿ ದೊಡ್ಡ ಗದಾತೀರ್ಥ, ಭೀಮ ಗದೆಯಲ್ಲಿ ಕುಟ್ಟಿದ್ದಕ್ಕೆ ಆದದ್ದಂತೆ, ಕುಂಜಾರುಗಿರಿಯಲ್ಲೂ ಒಂದು ಗದಾತೀರ್ಥ ಇದ್ದದ್ದು ನೆನಪುಂಟಲ್ಲ, ನಮ್ಮ ಜಿಲ್ಲೆಗಳಲ್ಲಿ ಎಲ್ಲಿ ಕೆರೆ ಕಂಡ್ರೂ ಒಂದು ಗದೆ ಬಿದ್ದಿರ್ತದೆ. ನಡುವಲ್ಲಿ ಪಾರ್ವತಿ ದೇವಸ್ಥಾನ, ತುದಿಯಲ್ಲಿ ಕಾರಿಂಜೇಶ್ವರ. ಮೆಟ್ಟಿಲು ಕಡಿದು, ಆದ್ರೆ ಉಸಿರು ತೆಕ್ಕೊಳ್ಳಿಕ್ಕೆ ಪಾರ್ವತಿ ದೇವಸ್ಥಾನ ಸರಿ ಮಧ್ಯದಲ್ಲಿ ಇರುದ್ರಿಂದ ಎರಡು ಕಂತಲ್ಲಿ ಹತ್ತಬಹುದು. ಮೇಲಿನ ಗಾಳಿಗೆ ಮಾತ್ರ ಪೂರ್ತಿ ಮಾರ್ಕು ಕೊಡ್ಬೇಕು.

ಇಲ್ಲಿನ ಮಂಗಗಳ ವಿಷ್ಯ ಬೇರೆಯೇ. ಪೂಜೆ ಆದ ಮೇಲೆ ಮಂಗಗಳಿಗೆ ಅನ್ನ ಹಾಕುವ ಕ್ರಮ ಉಂಟು ಇಲ್ಲಿ, ಹಾಗಾಗಿ ಅವಕ್ಕೆ ಮನುಷ್ಯರ ಹೆದರಿಕೆ ಅನ್ನುದು ಇಲ್ಲವೇ ಇಲ್ಲ. ನಾನು ಬಂಟ್ವಾಳದಲ್ಲಿ ನಾಲ್ಕು ಬನ್ಸು ಕಟ್ಟಿಸಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕೈಯಲ್ಲೇ ಹಿಡ್ಕೊಂಡು ಹತ್ತಿದೆ, ಬುದ್ಧಿ ಬೇಡ್ವಾ? ಅರ್ಧ ದಾರಿಯಲ್ಲಿ ಒಂದು ದೊಡ್ಡ ಗಡವ ಎದ್ರಿಗೆ ಬಂದು ಕೂತು ನನ್ನ ಮುಖ ನೋಡಿತು, ತೊಟ್ಟೆ ನೋಡಿತು, ಪುನಃ ಮುಖ ನೋಡಿತು. ಎಳೆದಾಟ ಎಲ್ಲ ಆಗ್ಲಿಲ್ಲ, ನಾನೇ ಕೊಟ್ಟೆ. ಅದು ಬನ್ಸು ತಿಂದು ಚಟ್ನಿಯ ಸಣ್ಣ ತೊಟ್ಟೆಯನ್ನು ಮೂಸಿ ಬಿಸಾಡಿದ ರೀತಿ ನೋಡಿದ್ರೆ ಯಾವ ಹೋಟೆಲಿನದ್ದು ಅಂತ ಅದಕ್ಕೆ ಗೊತ್ತಿತ್ತು ಅಂತಲೇ ನಂಗೆ ಡೌಟು. ತಿನ್ನುದು ಎಂತ ಇದ್ರೂ ಜಿಪ್ ಇರುವ ಬ್ಯಾಗೊಳಗೆ ಹಾಕಿ, ಮಕ್ಕಳ ಕೈಯಲ್ಲಿ ಚಿಪ್ಸು ಕೊಡ್ಬೇಡಿ, ಕನ್ನಡಕದವ್ರು ಜಾಗ್ರತೆ.

ಸುತ್ತು ಬೇಕಾದ್ರೆ ವಗ್ಗದಿಂದ ರೋಡಲ್ಲಿ ಹೋಗಿ ವಾಪಸ್ ಬರುವಾಗ ತೋಟದ ಬದಿಯ ದಾರಿ ಹಿಡೀಬಹುದು, ಅಲ್ಲಲ್ಲಿ ಮನೆಯವ್ರ ಹತ್ರ ಕೇಳಿಕೊಂಡೇ ಹೋಗ್ಬೇಕು, ಮ್ಯಾಪು ನಂಬಿದ್ರೆ ತೋಡಿನ ಎದ್ರು ನಿಲ್ತೀರಿ. ಮೆಟ್ಟಿಲಂತೂ ಹತ್ತಲಿಕ್ಕೂ ಇಳೀಲಿಕ್ಕೂ ಅದೇ, ಅಂದ್ರೆ ಇದು ನನ್ನ ಲೆಕ್ಕದಲ್ಲಿ ಅರ್ಧ ಸುತ್ತು. ಆಟಿ ಅನ್ನುವ ತುಳು ತಿಂಗಳ ಅಮಾಸೆ ದಿನ ತೀರ್ಥಸ್ನಾನಕ್ಕೆ ಜನ ಸೇರ್ತಾರೆ, ಭಕ್ತಿಗೆ ಹೋಗುವವ್ರು ಹೋಗಿ, ನಡೀಲಿಕ್ಕೆ ಅಂತ ಹೋಗುವವ್ರು ಆ ದಿನ ಮನೆಯಲ್ಲಿ ಹಾಲೆಮರದ ಕಷಾಯ ಕುಡಿದು ಕೂತ್ಕೊಳ್ಳಿ.

ನರಹರಿ ಪರ್ವತದ ಬಗ್ಗೆ ಜಾಸ್ತಿ ಹೇಳ್ಲಿಕ್ಕಿಲ್ಲ. ಮೆಲ್ಕಾರ್ ಮತ್ತು ಕಲ್ಲಡ್ಕದ ಮಧ್ಯದಲ್ಲಿ ಬೆಂಗ್ಳೂರು ಹೈವೇ ಬದಿಯಲ್ಲೇ ಇರುದು, ಮೇಲೆ ಸದಾಶಿವ ದೇವಸ್ಥಾನ, ಕಲ್ಲಿನಲ್ಲಿ ಶಂಖ ಚಕ್ರ ಗದಾ ಪದ್ಮ ಅಂತ ನಾಲ್ಕು ಸಣ್ಣ ತೀರ್ಥ. ಹತ್ತಿ ಇಳೀಲಿಕ್ಕೆ ಬೆಳಗ್ಗಿನ ಎರಡು ಗಂಟೆ ಸಾಕು, ಮಂಗಳೂರಿಂದ ಬಸ್ಸಿಗೆ ಕಾಯುವ ಪ್ರಶ್ನೆಯೇ ಇಲ್ಲ. ಸುತ್ತು ಮಾಡ್ಲಿಕ್ಕೆ ಹೋದ್ರೆ ಒಂದು ತುಂಡು ಹೈವೇಯಲ್ಲಿ ನಡೀಬೇಕಾಗ್ತದೆ, ಟ್ಯಾಂಕರು ಕಂಟೈನರು ಬದಿಯಲ್ಲಿ, ಮಕ್ಕಳನ್ನು ಕರ್ಕೊಂಡು ನಾನಂತೂ ನಡಿಯುದಿಲ್ಲ. ಆದ್ರೆ ಇಳಿದು ಕಲ್ಲಡ್ಕಕ್ಕೆ ಹೋಗಿ ಒಂದು ಕೆ.ಟಿ., ಅಂದ್ರೆ ಕಲ್ಲಡ್ಕ ಟೀ, ಕುಡಿಯುದುಂಟಲ್ಲ, ಕೆಳಗೆ ಬಿಳಿ ಹಾಲು ಮೇಲೆ ಕೆಂಪು ಡಿಕಾಕ್ಷನ್ನು ಒಂದಕ್ಕೊಂದು ಸೇರದೆ ನಿಂತ ಆ ಗ್ಲಾಸು, ಅದಕ್ಕೋಸ್ಕರವೇ ಈ ಗುಡ್ಡೆ ಹತ್ತುವವ್ರು ನಂಗೆ ಗೊತ್ತುಂಟು. ಟೀ ಸೇರಿದ್ರೆ ಮಾರ್ಕು ಜಾಸ್ತಿ.

ಇನ್ನು ಗಡಾಯಿಕಲ್ಲು. ಬೆಳ್ತಂಗಡಿಯಿಂದ ಎಂಟು ಕಿಲೋಮೀಟರ್ ಅಷ್ಟೇ, ಆದ್ರೆ ದಾರಿಯುದ್ದಕ್ಕೂ ಅದು ನಿಮ್ಮನ್ನೇ ನೋಡ್ತಾ ಇರ್ತದೆ. ಸುಮಾರು 1700 ಅಡಿ, ಎಲ್ಲ ಒಂದೇ ಕರಿಕಲ್ಲು. ನರಸಿಂಹಗಡ ಅಂತ ಮೊದಲಿನ ಹೆಸರು, ಟಿಪ್ಪು 1794ರಲ್ಲಿ ಕೋಟೆ ಕಟ್ಟಿಸಿ ಜಮಾಲಾಬಾದ್ ಅಂತ ಕರೆದ, 1799ರಲ್ಲಿ ಬ್ರಿಟಿಷರ ಕೈಗೆ ಹೋಯ್ತು. ಮೇಲೆ ಹೋಗ್ಲಿಕ್ಕೆ ಇರುದು ಒಂದೇ ದಾರಿ, ಕಲ್ಲಲ್ಲೇ ಕಡಿದ ಮೆಟ್ಟಿಲು, ಲೆಕ್ಕ 1876 ಅಂತಾರೆ, ನಾನು ಎಣಿಸ್ಲಿಕ್ಕೆ ಶುರು ಮಾಡಿ ನಾನ್ನೂರಕ್ಕೆ ಬಿಟ್ಟೆ. ಒಂದೇ ದಾರಿ ಇಟ್ಟದ್ದೇ ಶತ್ರುಗಳು ಹತ್ತಬಾರ್ದು ಅಂತ, ಹಾಗಿರುವಾಗ ಇಲ್ಲಿ ಸುತ್ತು ದಾರಿ ಎಲ್ಲಿಂದ ಬರ್ಬೇಕು? ಹೋದ ಹಾಗೇ ಬರ್ಬೇಕು. ಕುದುರೆಮುಖ ವನ್ಯಜೀವಿ ವಿಭಾಗದ ಜಾಗ, ಬುಡದಲ್ಲಿ ಟಿಕೆಟು, ಹೆಸರು ಬರೆಸ್ಬೇಕು, ಜೋರು ಮಳೆಗೆ ಬಂದ್ ಮಾಡ್ತಾರೆ.

ನಾನು ಹೋದದ್ದು ಮಾರ್ಚಲ್ಲಿ, ಅದೂ ರಾತ್ರಿ ಯಕ್ಷಗಾನ ನೋಡಿ ನಿದ್ದೆಗೆಟ್ಟು, ಹತ್ತು ಗಂಟೆಗೆ ಬುಡಕ್ಕೆ ಮುಟ್ಟಿದ್ದು, ಇಬ್ರಿಗೆ ಒಂದು ಲೀಟರ್ ನೀರು. ಹತ್ತಿದೆವು, ಹತ್ತಿದ್ದು ಹೇಗೆ ಅಂತ ಕೇಳ್ಬೇಡಿ. ಮೇಲೆ ಮಳೆನೀರಿನ ಒಂದು ಕೆರೆ ಉಂಟು, ಅದು ಕುಡೀಲಿಕ್ಕಲ್ಲ. ಇಳಿಯುವಾಗ ಕಲ್ಲು ಎಷ್ಟು ಕಾದಿತ್ತು ಅಂದ್ರೆ ನನ್ನ ಹಳೇ ಶೂವಿನ ಸೋಲು ಗಮ್ಮು ಬಿಟ್ಟು ಬಾಯಿ ತೆರೀತು, ಭಾವನ ಕರ್ಚೀಪಲ್ಲಿ ಕಟ್ಟಿಕೊಂಡು ಒಂದೊಂದು ಮೆಟ್ಟಿಲು ಕೂತು ಕೂತು ಇಳಿದೆ, ಕಾಲು ಹೊಲಿಗೆ ಮೆಷಿನಿನ ಹಾಗೆ ನಡುಗ್ತಾ ಇತ್ತು. ಕೆಳಗೆ ಬಂದು ಒಬ್ಬೊಬ್ರು ಮೂರು ಬೊಂಡ ಕುಡಿದೆವು. ಆಮೇಲೆ ಮೂರು ದಿನ ನಾನು ಬಸ್ಸಲ್ಲಿ ಮುಂದಿನ ಬಾಗಿಲಲ್ಲೇ ಇಳಿದದ್ದು, ಹಿಂದಿನ ಬಾಗಿಲಿನ ಮೆಟ್ಟಿಲು ಒಂದು ಜಾಸ್ತಿ ಉಂಟು ಅಂತ.

ಇಷ್ಟೆಲ್ಲ ಹೇಳಿದ್ರೂ ಗಡಾಯಿಕಲ್ಲು ಬೇಡ ಅಂತ ಹೇಳ್ಲಿಕ್ಕೆ ಬಾಯಿ ಬರುದಿಲ್ಲ. ಮಳೆ ಕಳೆದ ಹೊಸತ್ರಲ್ಲಿ ಮೇಲೆ ನಿಂತ್ರೆ ಕುದುರೆಮುಖದ ಸಾಲು ಇಷ್ಟು ಹತ್ರ, ಮೋಡ ನಮಗಿಂತ ಕೆಳಗೆ. ಅದು ಕುಂಜಾರುಗಿರಿಯಲ್ಲಿ ಸಿಗುದಿಲ್ಲ. ಮೊಣಕಾಲು ಗಟ್ಟಿ ಇದ್ದು, ಅಕ್ಟೋಬರಿಂದ ಜನವರಿಯೊಳಗೆ ಆದ್ರೆ, ಬೆಳಿಗ್ಗೆ ಮೊದಲ ಟಿಕೆಟು ನಿಮ್ದೇ ಆಗುವ ಹಾಗೆ ಹೊರಟ್ರೆ, ಒಬ್ರಿಗೆ ಎರಡು ಲೀಟರ್ ನೀರು ಹೊತ್ರೆ ಹೋಗಿ. ಈ ನಾಲ್ಕರಲ್ಲಿ ಒಂದು ತಪ್ಪಿದ್ರೂ ಮುಂದಿನ ವಾರಕ್ಕೆ ಹಾಕಿ, ಅದು ಎಲ್ಲಿಗೂ ಹೋಗುದಿಲ್ಲ.

ಕುದುರೆಮುಖ ಶಿಖರವನ್ನೂ ಇದೇ ಲಿಸ್ಟಲ್ಲಿ ಸೇರಿಸಿ ಕೇಳುವವ್ರಿದ್ದಾರೆ. ಅದು ಬೇರೆ ಕ್ಲಾಸು. ಕಳಸ ಬದಿಯ ಮುಳ್ಳೋಡಿಯಿಂದ ಹೊರಟು ವಾಪಸ್ ಬರ್ಲಿಕ್ಕೆ ಇಪ್ಪತ್ತು ಕಿಲೋಮೀಟರ್ ಹತ್ತತ್ರ, ಅರಣ್ಯ ಇಲಾಖೆಯಲ್ಲಿ ಮೊದಲೇ ಆನ್‌ಲೈನ್ ಬುಕ್ ಮಾಡ್ಬೇಕು, ದಿನಕ್ಕೆ ಇಷ್ಟೇ ಜನ ಅಂತ ಲಿಮಿಟ್ ಉಂಟು, ಹೋಮ್‌ಸ್ಟೇ, ಜೀಪು, ಊಟ ಅಂತ ಒಬ್ರಿಗೆ ಸಾವಿರದ ಲೆಕ್ಕದಲ್ಲಿ ಖರ್ಚು. ಶನಿವಾರ ರಾತ್ರಿ ಆಲೋಚನೆ ಮಾಡಿ ಭಾನುವಾರ ಹೋಗುವಂಥದ್ದಲ್ಲ, ಅದಕ್ಕೆ ಬೇರೆಯೇ ಬರೀಬೇಕು.

ತದ್ವಿರುದ್ಧವಾಗಿ, ಯಾವತ್ತೂ ಹತ್ತಿ ಗೊತ್ತಿಲ್ಲದ ಮಂಗಳೂರಿನವ್ರು ಕದ್ರಿಯಿಂದ ಶುರು ಮಾಡಿ, ನಗಾಡ್ಬೇಡಿ. ಮಂಜುನಾಥ ದೇವಸ್ಥಾನದಲ್ಲಿ 968ನೇ ಇಸವಿಯ ಲೋಕೇಶ್ವರನ ಕಂಚಿನ ಮೂರ್ತಿ ನೋಡಿ, ಹಿಂದಿನ ಕೆರೆಗಳ ಬದಿಯಿಂದ ಮೆಟ್ಟಿಲು ಹತ್ತಿ ಜೋಗಿಮಠ, ಪಾಂಡವರ ಗುಹೆ, ಆಮೇಲೆ ಪಾರ್ಕು ಸುತ್ತಿ ವಾಪಸ್. ಸಿಟಿ ಬಸ್ಸಲ್ಲಿ ಹೋಗುವ ಜಾಗ. ಇದ್ರಲ್ಲಿ ಮೊಣಕಾಲು ಎಂತ ಹೇಳ್ತದೆ ಅಂತ ಕೇಳಿಸ್ಕೊಂಡು ಮತ್ತೆ ಕಾರಿಂಜದ ಮಾತು.

ಸೀಸನ್ ಬಗ್ಗೆ ಒಂದೇ ಪ್ಯಾರಾ. ಜೂನಿಂದ ಸೆಪ್ಟೆಂಬರ್‌ವರೆಗೆ ಹಸಿರು ನೋಡ್ಲಿಕ್ಕೆ ಚಂದ ನಿಜ, ಆದ್ರೆ ಕೆಂಪು ಮುರಕಲ್ಲಿಗೂ ಪಾದೆಗೂ ಪಾಚಿ ಕಟ್ಟಿ ಎಣ್ಣೆ ಹಾಕಿದ ಹಾಗೆ ಜಾರ್ತದೆ, ತೋಡುಗಳು ತುಂಬಿ ಸಂಕ ಮುಳುಗ್ತದೆ, ಸುತ್ತು ದಾರಿಗಳಿಗೇ ಮೊದಲ ಪೆಟ್ಟು. ಮಳೆಯಲ್ಲಿ ಹೋಗ್ಲೇಬೇಕು ಅಂದ್ರೆ ಕಾರ್ಕಳ, ಅದೂ ಮಳೆ ಬಿಟ್ಟ ದಿನ ನೋಡಿ. ಏಪ್ರಿಲ್ ಮೇಯಲ್ಲಿ ಸಂಜೆ ಹೋಗುವ ಅಂತ ಕೆಲವ್ರ ಪ್ಲಾನು, ಬಿಸಿಲಿಗೆ ಅದು ಸರಿ, ಆದ್ರೆ ಆ ತಿಂಗಳುಗಳಲ್ಲಿ ಸಿಡಿಲು ಬರುದೂ ಸಂಜೆಯೇ. ಬೋಳು ಪಾದೆಯ ಮೇಲೆ ಊರಿಗೆಲ್ಲ ಎತ್ತರಕ್ಕೆ ನೀವೊಬ್ರೇ ನಿಂತಿದ್ರೆ ಅದು ನಿಮ್ಮನ್ನೇ ಹುಡುಕಿಕೊಂಡು ಬರ್ತದೆ. ಮೂಡು ದಿಕ್ಕಲ್ಲಿ ಗುಡುಗು ಕೇಳಿದ ಕೂಡ್ಲೇ ಇಳೀಲಿಕ್ಕೆ ಶುರು ಮಾಡಿ, ಫೋಟೋ ಆಮೇಲೆ.

ಈಗ ಆ ಮೂರು ಪಾರ್ಟಿಗೆ ನಾನು ಹೇಳಿದ್ದು. ಬ್ಯಾಂಕಿನ ರಿಟೈರ್ಡ್ ಸಾರ್‌ಗೆ ಕುಂಜಾರುಗಿರಿ, ನಾಲ್ಕು ವಾರ ನಾಲ್ಕು ಸಲ ಅದೇ ಸುತ್ತು, ಒಂದೊಂದು ಸಲ ಒಂದೊಂದು ತೀರ್ಥದಿಂದ ಶುರು ಮಾಡಿ, ಐದನೇ ವಾರ ಬೇಕಾದ್ರೆ ಕಾರಿಂಜ ಅಂದೆ. ಅವ್ರು ಎರಡನೇ ಸಲ ಹೋದಾಗಲೇ ಹೆಂಡತಿಗೆ ಒಂದು ಚೆಂಡು ಮಲ್ಲಿಗೆ ತಂದ್ರಂತೆ, ಈಗ ಅವ್ರ ಹೆಂಡತಿಯೇ ಶನಿವಾರ ರಾತ್ರಿ ಅಲಾರಂ ಇಡುದು. ಮಗಳಿರುವವ್ರಿಗೆ ಕಾರ್ಕಳ. ಮಂಗ ನೋಡ್ಬೇಕು ಅಂತ ಆ ಪುಟ್ಟಿಯ ಹಟ, ಕಾರಿಂಜ ಆದ್ರೆ ಇಬ್ರು ದೊಡ್ಡವ್ರು ಜೊತೆಗಿರಿ, ಒಬ್ರ ಕೆಲಸ ಮಗಳ ಕೈ ಹಿಡಿಯುದು, ಇನ್ನೊಬ್ರದ್ದು ಬ್ಯಾಗು ಕಾಯುದು ಅಂದಿದ್ದೇನೆ.

ಕಾಲೇಜು ಹುಡುಗ್ರಿಗೆ ನಾನು ಹೇಳುದೇ ಬೇಕಾಗಿರ್ಲಿಲ್ಲ, ಗಡಾಯಿಕಲ್ಲಿಗೇ ಹೋಗುದು ಅಂತ ಮೊದಲೇ ತೀರ್ಮಾನ ಆಗಿತ್ತು, ನನ್ನ ಹತ್ರ ಸುಮ್ಮನೆ ಕೇಳಿದ್ದು. ಹೊರಡುವ ಟೈಮು, ನೀರಿನ ಲೆಕ್ಕ ಎಲ್ಲ ಎರಡೆರಡು ಸಲ ಬರೆದು ಕಳಿಸಿದೆ. ಮೊನ್ನೆ ಭಾನುವಾರ ಬೆಳಿಗ್ಗೆ ಬುಡದಿಂದ ಫೋಟೋ ಹಾಕಿದ್ರು, ಅಂಕಲ್ ನೀವು ಹೇಳಿದ ಟೈಮಿಗಿಂತ ಬೇಗ ಬಂದಿದ್ದೇವೆ ಅಂತ. ಖುಷಿಯಾಯ್ತು. ಆಮೇಲೆ ಫೋಟೋ ದೊಡ್ಡದು ಮಾಡಿ ನೋಡಿದೆ, ಐದು ಜನ, ಎರಡು ಬಾಟ್ಲಿ, ಒಂದು ಬ್ಲೂಟೂತ್ ಸ್ಪೀಕರು.